ಗಂಧ ಮೆತ್ತಿದ ಸ್ಟೆತಾಸ್ಕೋಪು

ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ೨೩೧೬
ಕಪ್ಪತಗುಡ್ಡದ ತಂಪುಗೇರಿ

ಡಾಕ್ಟರ್ ಹೊಂಬಳ ಅವರಿಗೆ ನಾಡಿಗಾರ್ತಿ ಕಲ್ಲವ್ವನ ನಮಸ್ಕಾರಗಳು. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಮ್ಮಿಬ್ಬರ ನಡುವೆ ಮುನ್ನೂರು ವರ್ಷ ಬಿದ್ದಿವೆ. ನಿಮ್ಮ ಹೆಸರು ಗೊತ್ತಾದದ್ದು ನಿಮ್ಮ ಸ್ಟೆತಾಸ್ಕೋಪಿನ ಪೆಟ್ಟಿಗೆಯಿಂದ. ಇವತ್ತು ಬೆಳಿಗ್ಗೆ ನಡೆದದ್ದನ್ನು ಹೇಳಲು ಬರೆಯುತ್ತಿದ್ದೇನೆ.

ನಾವು ನೆಲದ ಕೆಳಗೆ ಕೊರೆದ ಓಣಿಗಳಲ್ಲಿ ಬದುಕುತ್ತೇವೆ. ಅದಕ್ಕೇ ಊರಿಗೆ ತಂಪುಗೇರಿ ಎಂದು ಹೆಸರು. ಪ್ರತಿ ಓಣಿಗೂ ಒಂದು ಗೋಡೆವೈದ್ಯ ಇದೆ, ಆಳೆತ್ತರದ ಗಾಜು. ಎದುರು ನಿಂತರೆ ರೋಗ, ಮದ್ದು, ಪಥ್ಯ ಎಲ್ಲವನ್ನೂ ಹೇಳುತ್ತದೆ. ನಮ್ಮತ್ತೆಯ ಹಾಗೆ ಬಾಯಿ ಸ್ವಲ್ಪ ಜಾಸ್ತಿ. ಆ ಗಾಜು ಒರೆಸಿ, ಅದು ಹೇಳಿದ ಮಾತ್ರೆ ಕೊಡುವುದು ನನ್ನ ಕೆಲಸ. ಕೈ ಹಿಡಿದು ನಾಡಿ ನೋಡಲು ನನಗೆ ಬಾರದು. ಹೆಸರಿಗೆ ಮಾತ್ರ ನಾಡಿಗಾರ್ತಿ. ಆದರೆ ಸೂರ್ಯ ಸಿಡುಕಿದಾಗ, ಅಂದರೆ ಅಲ್ಲಿಂದ ಬಿರುಗಾಳಿ ಎದ್ದಾಗ, ಎರಡು ಮೂರು ದಿನ ಯಂತ್ರಗಳೆಲ್ಲ ಕೆಟ್ಟು ಕೂರುತ್ತವೆ. ಅಂಥ ದಿನಗಳಿಗೆಂದೇ ನಿಮ್ಮ ಸ್ಟೆತಾಸ್ಕೋಪು ತಲೆಮಾರುಗಳಿಂದ ನಮ್ಮ ಮನೆಯಲ್ಲಿದೆ. ರಬ್ಬರಿನ ನಳಿಗೆಯನ್ನು ಮಾತ್ರ ಎರಡು ಸಲ ಬದಲಿಸಿದ್ದಾರಂತೆ.

ಅದನ್ನು ಇಟ್ಟಿದ್ದದ್ದು ದೇವರ ಜಗಲಿಯ ಮೇಲೆ. ಪ್ರತಿ ಆಯುಧಪೂಜೆಗೆ ಎದೆಗಿಡುವ ಬಿಲ್ಲೆಗೆ ಗಂಧ ಮೆತ್ತಿ, ಕುಂಕುಮವಿಟ್ಟು, ನಳಿಗೆಗೆ ಎಣ್ಣೆ ಸವರುತ್ತಿದ್ದೆವು. ಹಳೆಯ ಗಂಧ ಒರೆಸಿದರೆ ಅಪಚಾರ ಎಂದು ನನಗೆ ಅಪ್ಪ ಹೇಳಿಕೊಟ್ಟಿದ್ದರು, ಅವರಿಗೆ ಅವರವ್ವ.

ಮೊನ್ನೆ ಸೂರ್ಯ ಸಿಡುಕಿದ. ಇವತ್ತು ಬೆಳಿಗ್ಗೆ ನೇಕಾರ ತಂಗೆವ್ವ ಮಗ್ಗದ ಮೇಲೆಯೇ ಕುಸಿದಳು. ನಾನು ಓಡಿಹೋಗಿ, ಅವಳ ಸೀರೆಯ ಮೇಲೆಯೇ ಬಿಲ್ಲೆ ಒತ್ತಿ ಕೇಳಿದೆ. ಏನೂ ಕೇಳಿಸಲಿಲ್ಲ. ‘ಆಯಿತು’ ಎಂದೆ. ಇಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಓಣಿಯವರು ಅವಳನ್ನು ಮಣ್ಣಿಗೆ ಕಳಿಸಲೆಂದು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿದರು.

ನೀರಿನ ಪಂಪು ರಿಪೇರಿ ಮಾಡುವ ಹುಚ್ಚೀರಪ್ಪ ಕಾಲಿಗೆರಗಲು ಬಂದವನು ಅವಳ ಮುಖ ನೋಡುತ್ತ ನಿಂತುಬಿಟ್ಟ. ಮೂಗಿನ ಕೆಳಗಿನ ವಿಭೂತಿಯ ಹುಡಿ ಅಲುಗಿತ್ತಂತೆ. ಹಾರ ಸರಿಸಿ, ಪಂಪಿಗೆ ಕಿವಿ ಕೊಡುವ ಹಾಗೆ ಎದೆಗೆ ಕಿವಿ ಕೊಟ್ಟ.

“ಕಲ್ಲವ್ವಕ್ಕ, ಒಳಗ ಮೋಟಾರ ನಡದೈತಿ. ಮೆಲ್ಲಕ ನಡದೈತಿ, ಖರೆ ನಿಂತಿಲ್ಲ,” ಎಂದ.

ಅವನೇ ನನ್ನ ಕೊರಳಿನಿಂದ ಸ್ಟೆತಾಸ್ಕೋಪು ತೆಗೆದು ತಿರುಗಿಸಿ ನೋಡಿದ. “ಇದರ ಬಾಯಿ ಗಂಧದಾಗ ಮುಚ್ಚಿ ಹೋಗೇತಲ್ಲವಾ. ಕಿವ್ಯಾಗೂ ಹಿಂದುಮುಂದು ಹಾಕ್ಕೊಂಡೀರಿ.”

ತಂಗೆವ್ವನನ್ನು ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟೆವು. ಅವನು ಗಂಧ ಕೆರೆದ. ಕಿವಿಗೆ ಹಾಕುವ ಕೊಂಡಿಗಳಿಂದ ಮೂರು ತಲೆಮಾರಿನ ಗುಗ್ಗೆ ತೆಗೆದ. ಎಣ್ಣೆ ಕುಡಿದು ಸೀಳಿದ್ದ ನಳಿಗೆಗೆ ಪಂಪಿನ ಪಟ್ಟಿ ಸುತ್ತಿದ. ಕಿವಿಯ ಕೊಂಡಿಗಳು ಮೂಗಿನ ಕಡೆಗೆ ಬಾಗಿರಬೇಕೆಂದು ನನಗೆ ಆಗ ತಿಳಿಯಿತು. ಬಿಲ್ಲೆಯನ್ನು ಬೆರಳಿನಿಂದ ತಟ್ಟಿ ಸದ್ದು ಬರುತ್ತದೆಯೇ ನೋಡಿ, ತಂಗೆವ್ವನ ಬರಿ ಮೈಗೆ ಇಟ್ಟೆ. ನಲವತ್ತಾರು ವರ್ಷ ವಯಸ್ಸಿನ ನಾಡಿಗಾರ್ತಿ ನಾನು, ಮನುಷ್ಯರ ಎದೆ ಬಡಿತ ಕೇಳಿದ್ದು ಇವತ್ತೇ ಮೊದಲು. ತಂಗೆವ್ವ ಮಧ್ಯಾಹ್ನ ಗಂಜಿ ಕುಡಿದು, ಹಾರ ಹಾಕಿದವರ ಹೆಸರು ಕೇಳಿ ಕೇಳಿ ಬೈದಳು.

ಡಾಕ್ಟರೇ, ನಿಮ್ಮಲ್ಲಿ ಒಂದು ಬೇಡಿಕೆ. ಆ ಪೆಟ್ಟಿಗೆ ಮುಚ್ಚುವ ಮೊದಲು ಒಂದು ಚೀಟಿ ಇಡಿ. ಎಣ್ಣೆ ತಾಗಿಸಬೇಡಿ, ಬಿಸಿಲಿಗಿಡಬೇಡಿ, ಪ್ರತಿ ರೋಗಿಯ ನಂತರ ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲು ನಿಮ್ಮದೇ ಎದೆಗಿಟ್ಟು ಕೇಳಿ ಎಂದು ಬರೆಯಿರಿ. ನಿಮಗೆ ಇದು ಹೇಳಬೇಕಾದ ಮಾತೇ ಅನ್ನಿಸಿರಲಿಕ್ಕಿಲ್ಲ. ಪೂಜೆ ಮಾಡಬೇಡಿ ಎಂದೂ ಸೇರಿಸಿ. ಕೋಪ ಬಂದರೆ ನಮ್ಮವರಿಗೆ ಬರಲಿ.

ಹೋದ ವರ್ಷವೂ ಸೂರ್ಯ ಸಿಡುಕಿದ್ದ. ಉಣ್ಣುತ್ತ ಕುಳಿತಿದ್ದ ನನ್ನಪ್ಪ ಪಕ್ಕಕ್ಕೆ ವಾಲಿದರು. ಇದೇ ಬಿಲ್ಲೆಯನ್ನು ಅವರ ಅಂಗಿಯ ಮೇಲೆ ಇಟ್ಟು, ‘ಆಯಿತು’ ಎಂದವಳು ನಾನೇ. ಸಂಜೆಯೊಳಗೆ ಮಣ್ಣು ಮಾಡಿದೆವು. ಆವತ್ತು ಅವರ ಎದೆಗೆ ಯಾರೂ ಕಿವಿ ಕೊಡಲಿಲ್ಲ.

ಚೀಟಿ ಇಡಿ, ಡಾಕ್ಟರೇ.

ಕಲ್ಲವ್ವ