ಕತ್ತರಿಗೆ ಸಿಕ್ಕ ಫೆಬ್ರವರಿ

ಮಾರ್ಚ್ 3, ಸೋಮವಾರ

ಟೊಮೆಟೊ ಶೇಕಡಾ ಹದಿನೆಂಟು ಏರಿದೆ. ತೆಗೆದೆ. ದನದ ಮಾಂಸ, ಪೆಟ್ರೋಲು — ತೆಗೆದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕುಣಿದಾಡುವ ಬೆಲೆಗಳನ್ನು ಹೊರಗಿಟ್ಟು ಉಳಿದವು ಎಷ್ಟು ಏರಿದವೆಂದು ನೋಡುವುದು. ತಿರುಳು ಹಣದುಬ್ಬರ ಅಂದರೆ ಈ ಕೇಂದ್ರ ಬ್ಯಾಂಕಿನಲ್ಲಿ ನನ್ನ ಪಟ್ಟಿ.

ಹತ್ತಕ್ಕೆ ತೆರೆರೆ, ಮಂಜುನೀರಿನ ಎಲೆಚಹಾ. ಕೊಂಬಿನ ಲೋಟ ಒಂದೇ, ಸುತ್ತು ಬರುತ್ತದೆ. ಸುರಿಯುವುದು ಕಿರಿಯರ ಪಾಲು — ಈಗ ದಾಹಿಯಾನಾ. ವಿದೇಶದಲ್ಲಿ, ಸಾಂತಿಯಾಗೊದಲ್ಲಿ ಓದಿ ಬಂದವಳು, ಸೇರಿ ಐದು ತಿಂಗಳು. ತನ್ನ ಸರದಿ ಬಂದಾಗ ಲೋಟ ಹಿಡಿದುಕೊಂಡೇ ಲೆಕ್ಕ ವಿವರಿಸತೊಡಗಿದಳು.

"ಏಯ್, ಅದೇನು ಮೈಕಾ? ಕುಡಿದು ಕೊಡೇ!" ಅಂದರು ನಮ್ಮ ಮುಖ್ಯಸ್ಥರು ದೊನ್ ಕ್ರಿಸ್ಪುಲೊ. ಎಲ್ಲರೂ ನಕ್ಕರು. ನನಗೆ ಯಾರೂ ಹಾಗೆ ಅಂದಿಲ್ಲ. ನಾನು ಅಷ್ಟು ಮಾತಾಡಿದ್ದೂ ಇಲ್ಲ, ಬಿಡಿ.

ಮಾರ್ಚ್ 5

ದಾಹಿಯಾನಾಳ ವಿಧಾನಕ್ಕೆ ಪಟ್ಟಿಯೇ ಬೇಡವಂತೆ. ಪ್ರತಿ ತಿಂಗಳೂ ಅತಿ ಏರಿದ್ದನ್ನೂ ಅತಿ ಇಳಿದದ್ದನ್ನೂ ಕತ್ತರಿಸಿ, ನಡುವಿನದರ ಸರಾಸರಿ ತೆಗೆಯುವುದು. ಅಷ್ಟೇ.

"ನಿನ್ನ ಪಟ್ಟಿಗೆ ವಯಸ್ಸಾಯ್ತು ಕಣಮ್ಮ ಬೆನಿಗ್ನಾ," ಅಂದರು ದೊನ್ ಕ್ರಿಸ್ಪುಲೊ. "ಇಪ್ಪತ್ತಕ್ಕೆ ನಿರ್ದೇಶಕರ ಸಭೆ. ಇವಳ ಕತ್ತರೀನೇ ಮುಂದಿಡೋಣ. ನಿಂದು ಕೊನೇ ಪುಟದಲ್ಲಿರ್ಲಿ."

ಕೊನೆಯ ಪುಟ!

ಹೊಟ್ಟೆಕಿಚ್ಚು. ಬರೆದೇ ಬಿಡುತ್ತೇನೆ, ಇಲ್ಲಿ ಓದುವವರು ಯಾರು? ಅವಳ ವಯಸ್ಸು, ನಗು, ಓದು... ಎಲ್ಲದರ ಮೇಲೂ.

ಮಾರ್ಚ್ 9, ಭಾನುವಾರ

ಅವಳ ಲೆಕ್ಕದ ಪ್ರಿಂಟು ಮನೆಗೆ ತಂದಿದ್ದೆ. ತಪ್ಪು ಹುಡುಕಲೆಂದೇ. ಸಿಕ್ಕಿತು!

ಶಾಲೆಯ ಫೀಸು. ಅದು ಏರುವುದು ವರ್ಷಕ್ಕೊಮ್ಮೆ, ಶಾಲೆ ಶುರುವಾಗುವ ಫೆಬ್ರವರಿಯಲ್ಲಿ, ಧಡಕ್ಕನೆ. ಅವಳ ಕತ್ತರಿಗೆ ಅದು ಅತಿ ಏರಿದ್ದು — ಕಚಕ್. ಉಳಿದ ಹನ್ನೊಂದು ತಿಂಗಳು ಸೊನ್ನೆ. ಅಂದರೆ ಅವಳ ಹತ್ತು ವರ್ಷದ ಲೆಕ್ಕದಲ್ಲಿ ಫೀಸಿನ ಏರಿಕೆ ಎಲ್ಲೂ ಇಲ್ಲ. ಮೂರು ಮಕ್ಕಳನ್ನು ಓದಿಸಿದ ನನಗೆ ಫೆಬ್ರವರಿ ಅಂದರೇನೆಂದು ಗೊತ್ತು. ಅವಳಿಗೆ ಎಲ್ಲಿಂದ ಗೊತ್ತಾಗಬೇಕು?

ಪೆನ್ಸಿಲಿನಿಂದ ಸುತ್ತು ಹಾಕಿದೆ. ಅಭ್ಯಾಸಬಲ, ಪಕ್ಕದಲ್ಲಿ ತಾರೀಖು, ಸಹಿ.

ಹೇಳುವುದಿಲ್ಲ. ಸಭೆಯಲ್ಲೇ ಬೀಳಲಿ.

ಮಾರ್ಚ್ 12

ಬೆಳಿಗ್ಗೆ ಬಂದಳು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಚಿಪಾ, ಚೀಸಿನ ಬನ್ನು.

"ದೋನ್ಯಾ ಬೆನಿಗ್ನಾ, ನಿಮ್ಮಷ್ಟು ತಿಳಿದೋರು ಇಲ್ಲಿ ಯಾರಿದ್ದಾರೆ? ಎಲ್ಲಾದ್ರೂ ತಪ್ಪಿದ್ರೆ ಹೇಳಿಬಿಡಿ. ಸಭೆಯಲ್ಲಿ ಮಾನ ಹೋಗೋದಕ್ಕಿಂತ ನಿಮ್ಮ ಹತ್ರ ಬೈಸ್ಕೊಳ್ಳೋದು ವಾಸಿ."

"ಎಲ್ಲಾ ಸರಿ ಇದೆ ಮಗಳೇ."

ಮಗಳೇ! ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು. ನನ್ನ ಮೇಜಿನ ಮೇಲಿದ್ದ ಆ ಪ್ರಿಂಟು ತೆಗೆದುಕೊಂಡು ಹೋದಳು. ಚಿಪಾ ಪೂರ್ತಿ ತಿಂದೆ. ಚೆನ್ನಾಗಿತ್ತು, ಹಾಳಾದ್ದು.

ಮಾರ್ಚ್ 19

ನಾಳೆ. ನಿರ್ದೇಶಕರಲ್ಲಿ ಒಬ್ಬರಿಗೆ ನಾಲ್ಕು ಮಕ್ಕಳು, ನಾಲ್ಕೂ ದುಬಾರಿ ಶಾಲೆಯಲ್ಲಿ. ಕೇಳಿಯೇ ಕೇಳುತ್ತಾರೆ. ನೀಲಿ ಬ್ಲೌಸು ಇಸ್ತ್ರಿ ಮಾಡಿಟ್ಟಿದ್ದೇನೆ.

ಮಾರ್ಚ್ 20

ಅವಳು ಶುರು ಮಾಡಿದ್ದೇ ಶಾಲೆಯ ಫೀಸಿನಿಂದ. ವರ್ಷದ ಏರಿಕೆಯನ್ನು ಹನ್ನೆರಡು ತಿಂಗಳಿಗೆ ಹಂಚಿ, ಆಮೇಲೆ ಕತ್ತರಿ. ಸರಿಯಾದ ಮದ್ದು. ನನಗೆ ತಪ್ಪು ಮಾತ್ರ ಹೊಳೆದಿತ್ತು, ಮದ್ದಲ್ಲ.

"ಈ ತಪ್ಪು ಹಿಡಿದದ್ದು ನಾನಲ್ಲ," ಅಂದಳು. "ದೋನ್ಯಾ ಬೆನಿಗ್ನಾ."

ಚಪ್ಪಾಳೆ. ನೀಲಿ ಬ್ಲೌಸಿನಲ್ಲಿ ಎದ್ದು ನಿಂತೆ.

ಆಮೇಲೆ ಮೆಟ್ಟಿಲ ಬಳಿ ನಾನು ಪೆನ್ಸಿಲಿನಿಂದ ಸುತ್ತು ಹಾಕಿದ್ದ ಹಾಳೆ ತೋರಿಸಿದಳು. ಅಳಿಸುವುದನ್ನು ಮರೆತಿದ್ದೆ.

"ಇಲ್ಲಿ ಒಂಬತ್ತನೇ ತಾರೀಖು ಅಂತಿದೆ. ನಾನು ಕೇಳಿದ್ದು ಹನ್ನೆರಡಕ್ಕೆ."

ಹಾಳೆ ಮಡಚಿ ನನ್ನ ಕೈಗಿಟ್ಟಳು.

"ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ ಬಿಡಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರ್ಚ್ 31

ಹನ್ನೊಂದು ದಿನ ಬರೆಯಲಾಗಲಿಲ್ಲ.

ಅವಳ ಕತ್ತರಿಗೆ ಒಪ್ಪಿಗೆ ಸಿಕ್ಕಿತು. ನನ್ನ ಪಟ್ಟಿ ಕೊನೆಯ ಪುಟದಲ್ಲಿ. ಅದು ಹೋಗಲಿ. ಕೆಲಸದಲ್ಲಿ ನನ್ನನ್ನು ದಾಟಿದಳು, ಒಳ್ಳೆಯತನದಲ್ಲೂ ದಾಟಿದಳಲ್ಲ... ಅದನ್ನು ನುಂಗಲಾಗುತ್ತಿಲ್ಲ. ದಿನಾ ನನ್ನ ಮಾನ ಅವಳ ಬಾಯಲ್ಲಿ ಭದ್ರ. ಅವಳ ದಯೆಯಲ್ಲಿ ಬದುಕುವುದೇ ನಾನು?

ಇವತ್ತು ತೆರೆರೆ ಹೊತ್ತಿಗೆ ಬೇರೆ ವಿಭಾಗದವರೂ ಬಂದಿದ್ದರು. ದೊನ್ ಕ್ರಿಸ್ಪುಲೊ ಮತ್ತೆ ಅದೇ ಕಥೆ ಶುರು ಮಾಡಿದರು. "ನಮ್ಮ ಬೆನಿಗ್ನಾಂದು ಹದ್ದಿನ ಕಣ್ಣು ಕಣ್ರೀ! ಹುಡುಗಿ ಬಚಾವಾದ್ಲು." ದಾಹಿಯಾನಾ ತಲೆ ಎತ್ತಲಿಲ್ಲ. ಲೋಟ ತುಂಬಿ ನನಗೇ ಮೊದಲು ಕೊಟ್ಟಳು.

ಹಿಡಿದುಕೊಂಡೇ ಕೂತೆ. ಕೈ ತಣ್ಣಗಾಯಿತು.

"ಏನಮ್ಮ, ನಿಂಗೂ ಅದು ಮೈಕಾಯ್ತಾ? ಕುಡಿದು ಕೊಡು!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಬೇಡ ಅನ್ನುವಂತೆ ತಲೆಯಾಡಿಸಿದಳು. ಅಲ್ಲೂ ನನಗಿಂತ ಮುಂದೆ!

"ಹೌದು, ಇವತ್ತು ಮೈಕೇ," ಅಂದೆ. "ದೊನ್ ಕ್ರಿಸ್ಪುಲೊ, ಆ ತಪ್ಪು ನನಗೆ ಒಂಬತ್ತನೇ ತಾರೀಖೇ ಸಿಕ್ಕಿತ್ತು. ಹನ್ನೆರಡಕ್ಕೆ ಇವಳು ಕೇಳಿದಾಗ ಎಲ್ಲಾ ಸರಿ ಇದೆ ಅಂದೆ."