ಎಡಗಾಲಿನ ಎರಡನೇ ಸ್ಕ್ಯಾನ್

ಮಾರ್ಚ್ 4, ಸಂಜೆ
ಶಾಲೆಯ ಯೂನಿಫಾರ್ಮ್ ಶರ್ಟುಗಳ ಕಾಲರ್ ಮುಗಿದವು. ತೋಳು ಬಾಕಿ. ಅರ್ಧ ದಿನ ಆಸ್ಪತ್ರೆಗೇ ಹೋಯಿತು. ಮೆಷಿನ್ ತುಳಿದು ತುಳಿದು ಕಾಲು ಊದಿದೆ ಎಂದುಕೊಂಡಿದ್ದೆ. ಡಾಕ್ಟರಮ್ಮನಿಗೆ ಬೇರೆಯೇ ಅನುಮಾನ — ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ಪರೀಕ್ಷೆಯೂ ಹಾಗೇ ಅಂದಿತು. ಸ್ಕ್ಯಾನ್‌ನಲ್ಲಿ ಮಾತ್ರ ಏನೂ ಇಲ್ಲ. ಖುಷಿಯಿಂದ ಎದ್ದೆ. ಕೂರಿಸಿದರು.

"ತೊಡೆ, ಮಂಡಿ ಕ್ಲಿಯರ್ ಇದೆ. ಮೀನಖಂಡದಲ್ಲಿ ಸಣ್ಣದೇನಾದ್ರೂ ಅಡಗಿದ್ರೆ, ಮೇಲಕ್ಕೆ ಬೆಳೆದಾಗ್ಲೇ ಕಾಣೋದು. ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್. ತಪ್ಪಿಸಬೇಡಿ. ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಆವಾಗ್ಲೇ ಓಡಿ ಬನ್ನಿ."

"ನಾಳೆನೇ ನೋಡಿಬಿಡಿ ಮೇಡಂ."

"ನಾಳೆ ನೋಡಿದ್ರೂ ಇದೇ ಕಾಣತ್ತಮ್ಮ."

ಮಾರ್ಚ್ 6
ಟೇಪ್ ಹಿಡಿದು ಅಳೆದೆ. ಊತ ಕಮ್ಮಿ!

ಮಾರ್ಚ್ 8
ಇನ್ನೂ ಕಮ್ಮಿ. ಯೂನಿಫಾರ್ಮ್ ಡೆಲಿವರಿಯೂ ಹನ್ನೊಂದನೇ ತಾರೀಖಿಗೇ. ಸ್ಕ್ಯಾನ್‌ಗೆ ಯಾರು ಹೋಗುತ್ತಾರೆ... ನಾದಿನಿಗೆ ಹೇಳಿದೆ. ಗುಂಡಿ ಹೊಲಿಯುತ್ತಿದ್ದವಳು ದಾರವನ್ನು ಪಟ್ಟನೆ ಕಡಿದಳು. ಸಿಟ್ಟು ಬಂದಿದೆ.

ಮಾರ್ಚ್ 10, ಮಧ್ಯಾಹ್ನ
ಸಿಕ್ಕಿಬಿದ್ದೆ. ಅಳೆಯುವಾಗ ನಾದಿನಿ ಹಿಂದೆಯೇ ನಿಂತಿದ್ದಳು.

"ಅತ್ತಿಗೆ, ಟೇಪ್ ಎಳೀತಿದ್ದೀರಲ್ಲ! ದಪ್ಪ ಆದೆ ಅಂತ ಕೊರಗೋ ಗಿರಾಕಿಗೆ ಎಳೆಯೋ ಹಾಗೆ."

ನಿಜ. ಅಂಥವರಿಗೆ ಬಿಗಿಯಾಗಿ ಹಿಡಿದು ಜೋರಾಗಿ ಅಳತೆ ಹೇಳುತ್ತೇನೆ, ಕತ್ತರಿಸುವಾಗ ಗುಟ್ಟಾಗಿ ಬಟ್ಟೆ ಬಿಡುತ್ತೇನೆ. ಇಷ್ಟು ವರ್ಷದ ಕೈಚಳಕ ನನ್ನ ಮೇಲೇ ನಡೆದಿದೆ. ಅವಳು ಅಳೆದಳು, ಎಳೆಯದೆ. ಊತ ಇಳಿದೇ ಇಲ್ಲ.

"ನಾಳೆ ನೀವೇ ಬರ್ತೀರೋ, ಹೊತ್ಕೊಂಡು ಹೋಗ್ಲೋ?"

ಕಡ್ಡಿಯಂತಿದ್ದಾಳೆ, ನನ್ನನ್ನು ಹೊರುತ್ತಾಳಂತೆ! ನಗು ಬಂತು. ಅಳುವೂ ಬಂತು.

ಮಾರ್ಚ್ 11
ಕಂಡಿತು. ಮಂಡಿಯ ಹಿಂದೆ. ಹೋದ ವಾರ ಅಲ್ಲಿ ಏನೂ ಇರಲಿಲ್ಲ.

"ಸರಿಯಾದ ಟೈಮಿಗೆ ಬಂದ್ರಿ. ಶ್ವಾಸಕೋಶಕ್ಕೆ ಹೋಗಿದ್ರೆ ಕಷ್ಟ ಇತ್ತು."

ಮಾತ್ರೆ ಇವತ್ತೇ ಶುರು. ಭಯವಿದೆ, ಅದಕ್ಕಿಂತ ಹೆಚ್ಚು ನಿರಾಳ. ಶಾಲೆಗೆ ನಾದಿನಿಯೇ ಫೋನ್ ಮಾಡಿ ನಾಲ್ಕು ದಿನ ಕೇಳಿಕೊಂಡಳು.

ಏಪ್ರಿಲ್ 2, ಬೆಳಿಗ್ಗೆ
ಊತ ಇಳಿದಿದೆ — ನಾದಿನಿಯೇ ಹೇಳಿದ್ದು. ಈಗ ನನಗೆ ವಾರವಾರ ಸ್ಕ್ಯಾನ್ ಮಾಡಿಸುವ ಹುಚ್ಚು. ನಿನ್ನೆ ಕೇಳಿಯೂ ಬಿಟ್ಟೆ. ಡಾಕ್ಟರಮ್ಮ ನಕ್ಕರು.

"ಮಾತ್ರೆ ಬಿಡಬೇಡಿ. ಹೊಸದಾಗಿ ನೋವು, ಊತ ಬಂದ್ರೆ ನೋಡೋಣ. ಸುಮ್ಮಸುಮ್ಮನೆ ಸ್ಕ್ಯಾನ್ ಯಾಕೆ? ನಡೀರಿ, ಚೆನ್ನಾಗಿ ನಡೀರಿ."

ಬೀದಿಯ ಕೊನೆಯವರೆಗೆ ಹೋಗಿ ಬಂದಾಯಿತು. ಇವತ್ತು ಸೇತುವೆ ದಾಟುವ ಆಸೆ. ನಾದಿನಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. "ಬರೆದಿದ್ದು ಸಾಕು ಅತ್ತಿಗೆ, ಬಿಸಿಲೇರತ್ತೆ." ಬಂದೆ, ಒಂದೇ ಸಾಲು. ಇವಳೊಬ್ಬಳು ಇಲ್ಲದಿದ್ದರೆ ಇವತ್ತು ನಾನು—