ಉತ್ತರ ಕೊಡುವ ಫೋನು

ಗದಗ, ೨೧೪೭ನೆಯ ಇಸವಿ,
ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ಈ ತಾರೀಖನ್ನು ಕಂಡು ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಎಸೆಯಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಬರುವ ಮೋಡದ ತಿಂಗಳಿಗೆ ಇನ್ನೂ ಯಾರೂ ಒಪ್ಪುವಂಥ ಹೆಸರು ಸಿಕ್ಕಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊರಗಿನವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಮಾತುಗಳನ್ನು ಓದುವಾಗ ನನಗೂ ಹಾಗೇ ಅನಿಸಿತು. ನಿಮ್ಮ ಹೆಸರು ನನಗೆ ತಿಳಿಯದು. ನೀರಿನ ಟ್ಯಾಂಕು, ಸಂಪುಗಳನ್ನು ತೊಳೆಯುವ ನಮ್ಮ ಈ ಸಣ್ಣ ಸಂಸ್ಥೆಯನ್ನು ಮೊದಲು ಶುರುಮಾಡಿದವರು ನೀವು ಎಂಬುದಷ್ಟೇ ಗೊತ್ತು. ಹಳೆಯ ಕಪಾಟಿನಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನೀವು ಬರೆದ ಒಂದು ಹಾಳೆ ಸಿಕ್ಕಿದೆ. ಆರು ಜನ ಕೆಲಸಗಾರರಿಗೆ ಯಾವ ಫೋನು ಕೊಡಿಸುವುದು ಎಂದು ಯೋಚಿಸುತ್ತ ಗೀಚಿದ್ದು. ಬ್ಯಾಟರಿ ಎಷ್ಟು ಹೊತ್ತು, ನೀರು ಬಿದ್ದರೆ ಕೆಡುತ್ತದೆಯೇ, ಜನ ಎಲ್ಲಿದ್ದಾರೆಂದು ನಮಗೆ ಕಾಣುತ್ತದೆಯೇ. ಕೊನೆಗೆ, ಎರಡು ಗೆರೆ ಎಳೆದು: ‘ಕೆಲಸದಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಎಂದು ತಾನೇ ಮೆಸೇಜು ಕಳಿಸುವಂತಿರಬೇಕು.’ ನಾನೂ ಹೀಗೇ ನನ್ನ ಜನರಿಗೆ ಫೋನು ಆರಿಸಿದೆ. ನನ್ನ ಆಯ್ಕೆಯಿಂದ ಏನಾಯಿತೆಂದು ನಿಮಗೆ ತಿಳಿಸಬೇಕಾಗಿದೆ.

ನಮ್ಮಲ್ಲಿ ನೀರು ಇಪ್ಪತ್ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಆ ದಿನವನ್ನು ಸರದಿ ಎನ್ನುತ್ತೇವೆ. ಸರದಿಯ ದಿನ ಶಾಲೆಯಿಲ್ಲ, ಕೋರ್ಟಿಲ್ಲ, ಹೆಣ ಕೂಡ ಮರುದಿನದ ತನಕ ಕಾಯುತ್ತದೆ. ಇಷ್ಟು ದಿನಗಳ ನೀರನ್ನು ಹಿಡಿದಿಡಲು ಪ್ರತಿ ಓಣಿಯ ಕೆಳಗೂ ಆಳವಾದ ಸಂಪುಗಳಿವೆ. ಕೆಳಗಿಳಿದು, ಬಂಡೆ ಸಿಕ್ಕಲ್ಲಿ ಪಕ್ಕಕ್ಕೆ ತಿರುಗಿ, ಮನೆಗಳ ಅಡಿಯಲ್ಲಿ ಚಾಚಿಕೊಂಡಿರುವ ಸಂಪುಗಳು. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆಂದು ಅವನ್ನು ಸದಾ ಮುಚ್ಚಿಟ್ಟಿರುತ್ತಾರೆ. ಒಳಗಿನ ಗಾಳಿ ಕೆಟ್ಟಿದ್ದರೆ ಮೂಗಿಗೆ ಗೊತ್ತಾಗುವುದಿಲ್ಲ. ಕಾಲು ಸೋತ ಮೇಲಷ್ಟೇ ಗೊತ್ತಾಗುತ್ತದೆ. ಸರದಿಗೆ ಮುಂಚಿನ ದಿನಗಳಲ್ಲಿ ಒಬ್ಬರು ಇಳಿದು ತೊಳೆಯುತ್ತಾರೆ, ಇನ್ನೊಬ್ಬರು ಹಗ್ಗ ಹಿಡಿದು ಮೇಲೆ ನಿಲ್ಲುತ್ತಾರೆ. ಮೇಲಿನವರಿಗೆ ಕೆಳಗಿನವರು ಕಾಣುವುದಿಲ್ಲ.

ಅದಕ್ಕಾಗಿಯೇ ಈ ಕಸುಬಿನಲ್ಲಿ ಬೈಯುವ ಪದ್ಧತಿ ಬಂತು. ಮೇಲೆ ನಿಂತವರು ಕೆಳಗಿನವರನ್ನು ಎಡೆಬಿಡದೆ ಬೈಯಬೇಕು, ಕೆಳಗಿನವರು ತಿರುಗಿ ಬೈಯಬೇಕು. ‘ಆರಾಮಿದ್ದೀಯಾ’ ಎಂದು ಕೇಳಿದರೆ ಅರೆಪ್ರಜ್ಞೆಯಲ್ಲೂ ಮನುಷ್ಯ ‘ಹೂಂ’ ಅನ್ನುತ್ತಾನೆ. ತಿರುಗಿ ಬೈಯಲು ತಲೆ ಓಡಬೇಕು. ಉತ್ತರ ಬರದಿದ್ದರೆ ಮೂರು ಎಣಿಸಿ ಹಗ್ಗ ಎಳೆಯುವುದು. ಈ ಕೆಲಸದಲ್ಲಿ ಅತಿ ಚೆನ್ನಾಗಿ ಹೊಂದಿಕೊಂಡ ಜೋಡಿಯೆಂದರೆ ತಂಗೆವ್ವ ಮತ್ತು ಅವಳ ಮೈದುನ ಅಡಿವೆಪ್ಪ. ಅವಳು ಮೇಲೆ, ಅವನು ಕೆಳಗೆ. “ಏನಲೇ, ಸಂಪ್ ತೊಳಿಯಾಕ ಇಳದೀಯೋ, ಅಲ್ಲೇ ಸಂಸಾರ ಹೂಡೀಯೋ?” ಎಂದು ಅವಳು ಕೂಗಿದರೆ, “ಸಂಸಾರಾನ ಚಲೋ ವೈನಿ, ಇಲ್ಲಿ ನಿನ್ನ ಮಾರಿ ಕಾಣೂದಿಲ್ಲ” ಎಂಬ ಉತ್ತರ ಅತ್ತಿಗೆಗೆ ಬರುತ್ತಿತ್ತು. ಕೇಳಲೆಂದೇ ಓಣಿಯವರು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು.

ಸಂಪುಗಳು ಆಳವಾದಂತೆ ಕೂಗು ಗೋಡೆಗೆ ಬಡಿದು ಅರ್ಥ ಕಳೆದುಕೊಳ್ಳತೊಡಗಿತು. ಹೀಗಾಗಿ ಫೋನು ಬೇಕಾಯಿತು. ಈಗಲೂ ಫೋನೆಂದೇ ಕರೆಯುತ್ತೇವೆ, ಕೈಯಲ್ಲಿ ಹಿಡಿಯುವುದು ಮಾತ್ರ ನಿಂತಿದೆ. ಅದು ಕೊರಳ ಎಲುಬಿನ ಮೇಲೆ ಬಿಲ್ಲೆಯ ಹಾಗೆ ಅಂಟಿಕೊಂಡಿರುತ್ತದೆ. ನನ್ನೆದುರು ಮೂರು ಬಗೆಯವಿದ್ದವು. ಒಂದು ಉಸಿರೆಣಿಕೆಯದು: ತೊಟ್ಟವರ ಉಸಿರನ್ನು ಎಣಿಸಿ ನನಗೂ ವಿಮೆಯವರಿಗೂ ತಿಳಿಸುತ್ತದೆ. ಅದನ್ನು ನನ್ನ ಜನ ಮುಟ್ಟಲೂ ಒಪ್ಪಲಿಲ್ಲ. “ನಮ್ಮ ಉಸರಿನ ಉಸಾಬರಿ ಅವರಿಗ್ಯಾಕ್ರಿ ಮಾಲಕರ? ನಾಳೆ ಕಡಿಮಿ ಆತು ಅಂದ್ರ ಮನಿಗೆ ಕಳಸಾಕೇನು?” ಎಂದಳು ತಂಗೆವ್ವ. ಅವಳ ಮಾತು ಸರಿಯಾಗಿತ್ತು. ಇನ್ನೊಂದು ಬರಿಯ ಮಾತಿನದು. ಮೂರನೆಯದರಲ್ಲಿ ಬದಲುದನಿ ಇತ್ತು: ತೊಟ್ಟವರು ಮೂರು ಕ್ಷಣದಲ್ಲಿ ಉತ್ತರಿಸದಿದ್ದರೆ ಅವರ ದನಿಯಲ್ಲಿ, ಅವರು ಆಡುವ ರೀತಿಯಲ್ಲೇ ಅದು ಮಾತಾಡುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಉಜ್ಜುತ್ತಿರುವವನಿಗೆ ಗಿರಾಕಿ ಫೋನು ಮಾಡಿದರೆ ಕಾಯಬೇಕಿಲ್ಲ. ಯಾರೂ ಫೋನು ಎತ್ತುವುದಿಲ್ಲವೆಂದು ಗಿರಾಕಿಗಳು ಬೇರೆಯವರ ಕಡೆ ಹೋಗುತ್ತಿದ್ದ ದಿನಗಳವು. ಮೂರನೆಯದನ್ನೇ ಆರಿಸಿದೆ.

ಬದಲುದನಿಯನ್ನು ಗಿರಾಕಿಗಳಿಗೆ ಮಾತ್ರ ಇಟ್ಟು, ನಮ್ಮ ನಮ್ಮೊಳಗಿನ ಮಾತಿಗೆ ನಿಲ್ಲಿಸಬಹುದಿತ್ತು. ಒಂದು ಬಟನ್ ಒತ್ತಿದರಾಗುತ್ತಿತ್ತು. ಒತ್ತಲು ಹೋದಾಗ ಅಡಿವೆಪ್ಪ ಪಕ್ಕದಲ್ಲಿದ್ದ. “ಇರಲಿ ಬಿಡ್ರಿ. ನಮ್ಮ ವೈನಿಗೆ ಉತ್ತರಾ ಕೊಡೂದ ಅರ್ಧಾ ಕೆಲಸ ಆಗೇತಿ. ಅದನ್ನಷ್ಟು ಮಶೀನ್ ಮಾಡ್ಲಿ” ಎಂದು ನಕ್ಕ. ನಾನೂ ನಕ್ಕೆ. ಕೈ ಹಿಂದೆ ತೆಗೆದೆ. ಬದಲುದನಿ ತನಗೂ ಉತ್ತರಿಸುತ್ತದೆಂದು ತಂಗೆವ್ವನಿಗೆ ತಿಳಿದಿರಲಿಲ್ಲ. ಹೇಳಿದರೆ ತಮಾಷೆ ಕೆಡುತ್ತದೆಂದು ಇಬ್ಬರೂ ಸುಮ್ಮನಿದ್ದೆವು. ನಾನು ಬುದ್ಧಿವಂತನೆಂದು ಹೆಸರಾದವನು. ಆ ಒಂದು ನಗುವಿನ ಹೊತ್ತಿನಲ್ಲಿ ನಾನು ಏನು ಯೋಚಿಸುತ್ತಿದ್ದೆ ಎಂದು ಎಷ್ಟು ಸಲ ಹುಡುಕಿದರೂ ಅಲ್ಲಿ ಯೋಚನೆಯೇ ಇರಲಿಲ್ಲ.

ಆ ಫೋನುಗಳನ್ನು ತೊಟ್ಟ ಒಂಬತ್ತನೆಯ ದಿನ, ಹಗಲು ಹನ್ನೊಂದರ ಸುಮಾರಿಗೆ, ಅಡಿವೆಪ್ಪ ಸಂಪಿನಲ್ಲಿ ಸತ್ತ. ತಂಗೆವ್ವ ಇಪ್ಪತ್ಮೂರು ನಿಮಿಷ ಅವನನ್ನು ಬೈದಳು, ಅವನು ಇಪ್ಪತ್ಮೂರು ನಿಮಿಷ ತಿರುಗಿ ಬೈದ. ಹೊತ್ತಾಯಿತು, ಮೇಲೆ ಬಾ ಎಂದು ಹಗ್ಗ ಎಳೆದಾಗ ಬಂದದ್ದು ಹೆಣ. ಅವನ ಕೊನೆಯ ಮಾತನ್ನು ಅವಳು ಸಾವಿನ ಮನೆಯಲ್ಲಿ ಬಂದವರಿಗೆಲ್ಲ ಹೇಳಿದಳು: “ನಿನ್ನ ಕೈಯಾಗಿನ ರೊಟ್ಟಿ ತಿಂದು ಬದಕಿದವಗ ಈ ಗುಂಡಿ ಏನ್ ಮಾಡತೈತಿ ವೈನಿ?” ಜನ ನಕ್ಕರು, ನಕ್ಕು ಅತ್ತರು. ಕೊನೆಯ ಗಳಿಗೆಯ ತನಕ ನಗಿಸುತ್ತಲೇ ಹೋದನೆಂಬುದು ಅವಳಿಗೆ ಆಸರೆಯಾಯಿತು. ಅವಳು ಊಟ ಮಾಡತೊಡಗಿದ್ದೂ ಆ ಮಾತನ್ನು ಹೇಳತೊಡಗಿದ ಮೇಲೆಯೇ.

ಆಡಿದ ಮಾತುಗಳನ್ನೆಲ್ಲ ಫೋನು ಉಳಿಸಿಕೊಳ್ಳುತ್ತದೆ. ಮನುಷ್ಯನದು ಕಪ್ಪಕ್ಷರದಲ್ಲಿ, ಬದಲುದನಿಯದು ಬೂದಿಬಣ್ಣದಲ್ಲಿ. ನಾಲ್ಕನೆಯ ನಿಮಿಷದಲ್ಲಿ ಕಪ್ಪು ನಿಲ್ಲುತ್ತದೆ. ಆಮೇಲೆಲ್ಲ ಬೂದಿ. ರೊಟ್ಟಿಯ ಮಾತೂ ಬೂದಿ. ಇಪ್ಪತ್ತು ದಿನ ಇದನ್ನು ನನ್ನಲ್ಲೇ ಇಟ್ಟುಕೊಂಡೆ. ಹೇಳಿದರೆ ಅವಳಿಗೆ ಉಳಿದಿರುವ ಒಂದೇ ಆಸರೆ ಹೋಗುತ್ತದೆ, ಹೇಳದಿದ್ದರೆ ನಾನು ಉಳಿಯುತ್ತೇನೆ. ಎರಡನೆಯದನ್ನು ಮೊದಲನೆಯದರ ಹಿಂದೆ ಅಡಗಿಸುವುದು ಎಷ್ಟು ಸಲೀಸೆಂದು ಆ ದಿನಗಳಲ್ಲಿ ಕಂಡುಕೊಂಡೆ. ಅಷ್ಟರಲ್ಲಿ ಅವಳೇ ಬಂದು, ಗಿರಾಕಿಗಳಿಗೆ ಉತ್ತರಿಸುತ್ತಿದ್ದ ಮೈದುನನ ದನಿ ಇನ್ನೂ ಅದರಲ್ಲಿದೆಯಂತೆ, ಆ ಫೋನು ತನಗೆ ಬೇಕೆಂದು ಕೇಳಿದಳು. ಅದರ ಜೊತೆ ಮಾತಾಡಬೇಕೆಂದಳು. ಆಗ ಹೇಳಿದೆ.

ಅವಳು ಕೂಗಾಡಲಿಲ್ಲ. “ರೊಟ್ಟಿ ಮಾತು ಅವಂದಲ್ಲ?” ಎಂದಳು. ಅಲ್ಲ ಎಂದೆ. “ಆ ಮಾತಿಗೆ ನಾ ನಕ್ಕಿದ್ದೆ” ಎಂದಳು. ಬೂದಿಯದು ಬೇಡ, ಕಪ್ಪಕ್ಷರದ ಕೊನೆಯ ಮಾತಷ್ಟೇ ಕೇಳಿಸಲು ಹೇಳಿದಳು. ಕೇಳಿಸಿದೆ. “ತಡಿ, ವೈನಿ.” ಅಷ್ಟೇ ಇತ್ತು. ಬಗ್ಗಿ ಏನನ್ನೋ ಎತ್ತಿಕೊಳ್ಳುವವನ ದನಿ. ಅವಳು ಮತ್ತೊಮ್ಮೆ ಹಾಕಿಸಿದಳು. “ತಡಿ ಅಂದಿದ್ದನ್ರೀ,” ಎಂದಳು. “ನಾ ತಡದು ನಿಂತೆ.” ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಈಗ ಎಲ್ಲರಿಗೂ ಬರಿಯ ಮಾತಿನ ಫೋನು ಕೊಟ್ಟಿದ್ದೇನೆ. ಇಬ್ಬರು ಕೆಲಸ ಬಿಟ್ಟರು, ಹಲವು ಗಿರಾಕಿಗಳು ಅದಕ್ಕೂ ಮೊದಲೇ ಬಿಟ್ಟಿದ್ದರು. ತಂಗೆವ್ವ ಮೇಲೆ ನಿಲ್ಲಲು ಒಪ್ಪುವುದಿಲ್ಲ. ಅವಳೇ ಇಳಿಯುತ್ತಾಳೆ, ಹಗ್ಗ ಹಿಡಿಯುವುದು ನಾನು. ನನಗೆ ಬೈಯಲು ಬರುವುದಿಲ್ಲ. “ಇದು ಬೈಗಳಾನೋ ಮಂತ್ರಾನೋ ಮಾಲಕರ?” ಎಂದು ಕೆಳಗಿನಿಂದ ಕೇಳುತ್ತಾಳೆ. ಕೇಳುವಷ್ಟು ಹೊತ್ತು ನನಗೆ ಸಮಾಧಾನ. ನಿನ್ನೆ ಮೂರು ಸಲ ಅವಳನ್ನು ಸುಮ್ಮಸುಮ್ಮನೆ ಮೇಲಕ್ಕೆಳೆದೆ. ಮೂರನೆಯ ಸಲ ಮೈಯೆಲ್ಲ ಕೆಸರಾಗಿ ಬಂದು, “ಸೀನು ಬಂದಿತ್ರೀ. ಸೀನಾಕೂ ಬಿಡೂದಿಲ್ಲೇನು?” ಎಂದು ರೇಗಿದಳು. ಮತ್ತೆ ಇಳಿದಳು.

ನಿಮ್ಮ ಫೋನುಗಳನ್ನು ನೀವೇ ಆರಿಸಿ, ನನ್ನ ಸಲಹೆಗೆ ಬೆಲೆಯಿಲ್ಲ. ಒಂದನ್ನು ಮಾತ್ರ ಬೇಡುತ್ತೇನೆ: ನಿಮ್ಮ ಜನ ಉತ್ತರಿಸದೆ ಹೋದಾಗ ಅದು ನಿಮಗೆ ಗೊತ್ತಾಗಲಿ, ಗೊತ್ತಾದಾಗ ಭಯವಾಗಲಿ. ಆ ಭಯವನ್ನು ಬೇರೆ ಯಾವುದಕ್ಕೂ ಒಪ್ಪಿಸಬೇಡಿ. ಇನ್ನು ಬರೆಯಲಾರೆ, ಅವಳು ಬೂಟು ಹಾಕಿಕೊಳ್ಳುತ್ತಿದ್ದಾಳೆ.